ಬಯಾಲಜಿ ಓದುವ ಮಗಳಿಗೆ ಎಷ್ಟು ಕೆಮಿಸ್ಟ್ರಿ ಬೇಕು?

ಮೈಸೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಓದಿದವಳು. ನನ್ನ ಕೆಮಿಸ್ಟ್ರಿ ಹತ್ತನೇ ತರಗತಿಗೇ ಮುಗಿಯಿತು. ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಫಸ್ಟ್ ಪಿಯು, ಪಿಸಿಎಂಬಿ. ಗಿಡ, ಹಕ್ಕಿ, ಹುಳ ಅಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಆದರೆ ಮೊದಲ ಟೆಸ್ಟಿನಲ್ಲಿ ಬಯಾಲಜಿಯಲ್ಲೇ ಕಡಿಮೆ ಅಂಕ ಬಂತು. ರಾತ್ರಿ ಅತ್ತುಕೊಂಡು ಹೇಳಿದಳು: "ಅಮ್ಮಾ, ಇದು ಬಯಾಲಜಿ ಅಲ್ಲ, ಎಲ್ಲಾ ಕೆಮಿಸ್ಟ್ರಿನೇ." ಪುಸ್ತಕ ತೆರೆದು ನೋಡಿದೆ. ಹೈಡ್ರೋಜನ್ ಬಂಧ, ಪಿಎಚ್, ಅಮೈನೋ ಆಮ್ಲ, ಕಿಣ್ವ. ತರಗತಿಯಲ್ಲಿ ಪಾಠ ಬಹಳ ವೇಗವಾಗಿ ಹೋಗುತ್ತದಂತೆ. ಕೇಳಲು ಅವಳಿಗೆ ಹಿಂಜರಿಕೆ.

ಜೀವಿಗಳನ್ನು ಅರ್ಥ ಮಾಡಿಕೊಳ್ಳಲು ನಿಜವಾಗಿ ಎಷ್ಟು ಕೆಮಿಸ್ಟ್ರಿ ಬೇಕು? ಎಲ್ಲಿಂದ ಶುರು ಮಾಡಬೇಕು? ನಾನೂ ಜೊತೆಗೆ ಕೂತು ಕಲಿಯುತ್ತೇನೆ. ಸುಲಭವಾಗಿ ಹೇಳಿಕೊಡಿ.

ಲ್ಯಾಬ್ ಹುಡುಗಿ

ಅಕ್ಕ, ನಾನೂ ಕನ್ನಡ ಮಾಧ್ಯಮದಿಂದ ಬಂದವಳು. ಈಗ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಮೊದಲ ಆರು ತಿಂಗಳು ನನ್ನ ಕಥೆಯೂ ಇದೇ ಆಗಿತ್ತು. ಅವಳು ಬಿಡುವುದು ಬೇಡ ಅಂತ ಹೇಳಿ. ಸಂಜೆ ಬಂದು ಬರೆಯುತ್ತೇನೆ.

ನಿವೃತ್ತ ಮೇಷ್ಟ್ರು

ಅಮ್ಮಾ, ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು. ಎಷ್ಟು ಬೇಕು ಅಂದರೆ, ನೀವು ಹೆದರುವಷ್ಟು ಬೇಡ. ಒಂದೇ ಒಂದು ಪ್ರಶ್ನೆಯನ್ನು ಮಗಳು ಹಿಡಿದುಕೊಂಡರೆ ಮುಕ್ಕಾಲು ದಾರಿ ಸಾಗಿದ ಹಾಗೆ. "ಈ ವಸ್ತುವನ್ನು ನೀರು ಹತ್ತಿರ ಸೇರಿಸುತ್ತದೋ ಇಲ್ಲವೋ?" ಇದೇ ಆ ಪ್ರಶ್ನೆ. ಜೀವಕೋಶದ ಪೊರೆಯಿಂದ ಹಿಡಿದು ರಕ್ತದ ಕಾಯಿಲೆಯವರೆಗೆ ಈ ಪ್ರಶ್ನೆ ಕೆಲಸಕ್ಕೆ ಬರುತ್ತದೆ.

ಮೊದಲು ನಮ್ಮ ದೇಹ ಯಾವುದರಿಂದ ಆಗಿದೆ ನೋಡಿ. 60 ಕಿಲೋ ತೂಕದವರಲ್ಲಿ ಸುಮಾರು 39 ಕಿಲೋ ಆಮ್ಲಜನಕ, 11 ಕಿಲೋ ಇಂಗಾಲ, 6 ಕಿಲೋ ಜಲಜನಕ (ಹೈಡ್ರೋಜನ್), ಎರಡು ಕಿಲೋಗೆ ಸ್ವಲ್ಪ ಕಡಿಮೆ ಸಾರಜನಕ. ಉಳಿದದ್ದರಲ್ಲಿ ಸುಣ್ಣದ ಅಂಶ, ರಂಜಕ, ಪೊಟ್ಯಾಸಿಯಂ, ಗಂಧಕ, ಸೋಡಿಯಂ, ಚೂರುಪಾರು ಕಬ್ಬಿಣ. ಆಮ್ಲಜನಕ ಇಷ್ಟು ಜಾಸ್ತಿ ಯಾಕೆ? ನಮ್ಮೊಳಗೆ ಇರುವುದು ಹೆಚ್ಚಾಗಿ ನೀರು, ಅದಕ್ಕೆ.

ಈಗ ನೀರಿನ ಒಂದು ಅಣುವನ್ನು ನೋಡೋಣ. ನಡುವೆ ಆಮ್ಲಜನಕ, ಎರಡು ಪಕ್ಕದಲ್ಲಿ ಎರಡು ಜಲಜನಕ. ಎಲೆಕ್ಟ್ರಾನುಗಳನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ಆದರೆ ಹಂಚಿಕೆ ಸಮ ಅಲ್ಲ. ಆಮ್ಲಜನಕ ತನ್ನ ಕಡೆಗೆ ಜಾಸ್ತಿ ಎಳೆದುಕೊಳ್ಳುತ್ತದೆ. ಒಂದೇ ಕಂಬಳಿ ಹೊದ್ದು ಮಲಗಿದ ಅಣ್ಣ ತಮ್ಮಂದಿರಲ್ಲಿ ಅಣ್ಣ ಎಳೆದುಕೊಂಡ ಹಾಗೆ. ಹೀಗಾಗಿ ಆಮ್ಲಜನಕದ ಕಡೆ ಸ್ವಲ್ಪ ಋಣ (ಮೈನಸ್) ಚಾರ್ಜು, ಜಲಜನಕದ ಕಡೆ ಸ್ವಲ್ಪ ಧನ (ಪ್ಲಸ್) ಚಾರ್ಜು. ಒಂದು ಅಣುವಿನ ಧನ ತುದಿ ಪಕ್ಕದ ಅಣುವಿನ ಋಣ ತುದಿಯನ್ನು ಹಿಡಿದುಕೊಳ್ಳುತ್ತದೆ. ಇದೇ ಹೈಡ್ರೋಜನ್ ಬಂಧ. ಅಣುವಿನ ಒಳಗಿನ ಗಟ್ಟಿ ಬಂಧಕ್ಕೆ ಹೋಲಿಸಿದರೆ ಇದರ ಬಲ ಇಪ್ಪತ್ತರಲ್ಲಿ ಒಂದು ಪಾಲು. ಕ್ಷಣ ಕ್ಷಣಕ್ಕೂ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಇರುತ್ತದೆ. ಜೀವಕ್ಕೆ ಇಂಥ ಸಡಿಲ ಹಿಡಿತವೇ ಬೇಕು. ಎಲ್ಲ ಬಂಧವೂ ಗಟ್ಟಿ ಇದ್ದಿದ್ದರೆ ನಾವು ಕಲ್ಲಿನ ಹಾಗೆ ಇರುತ್ತಿದ್ದೆವು.

ಉಪ್ಪು, ಸಕ್ಕರೆಗಳಲ್ಲೂ ಇಂಥ ಧನ ಋಣ ಜಾಗಗಳಿವೆ. ನೀರು ಅವನ್ನು ಸುತ್ತುವರಿದು ಕರಗಿಸಿಕೊಳ್ಳುತ್ತದೆ. ಎಣ್ಣೆಯಲ್ಲಿ ಹೆಚ್ಚೂಕಡಿಮೆ ಇಲ್ಲ. ಇಂಗಾಲ ಮತ್ತು ಜಲಜನಕ ಎಲೆಕ್ಟ್ರಾನನ್ನು ಬಹುತೇಕ ಸಮವಾಗಿ ಹಂಚಿಕೊಳ್ಳುತ್ತವೆ. ನೀರಿಗೆ ಹಿಡಿಯಲು ಕೈಯೇ ಸಿಗುವುದಿಲ್ಲ.

ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಯಾಕೆ ಹಚ್ಚಿಕೊಳ್ಳುತ್ತೇವೆ, ಮಗಳನ್ನು ಕೇಳಿ. ಉತ್ತರ ಅವಳೇ ಹೇಳಲಿ.

ಸುಳ್ಯದ ತೋಟ

ಮೇಷ್ಟ್ರೇ, ಹಲಸಿನ ಮೇಣದ ವಿಷಯ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಎಷ್ಟು ನೀರು ಹಾಕಿ ಉಜ್ಜಿದರೂ ಮೇಣ ಹೋಗುವುದಿಲ್ಲ. ಎಣ್ಣೆ ಹಚ್ಚಿ ಒರೆಸಿದರೆ ಬರುತ್ತದೆ. ಕತ್ತಿಗೂ ಮೊದಲೇ ಎಣ್ಣೆ ಸವರುತ್ತೇವೆ. ಅಂದರೆ ಮೇಣ ಎಣ್ಣೆಯ ಜಾತಿ. ಎಣ್ಣೆಗೂ ನೀರಿಗೂ ವೈರ, ಅದಕ್ಕೆ ಒಂದನ್ನೊಂದು ತಳ್ಳುತ್ತವೆ. ಹೀಗೆ ಹೇಳಬಹುದಾ?

ನಿವೃತ್ತ ಮೇಷ್ಟ್ರು

ಮೊದಲ ಭಾಗ ಸರಿ. ಎರಡನೆಯದನ್ನು ಸ್ವಲ್ಪ ತಿದ್ದೋಣ. ಎಣ್ಣೆ ನೀರನ್ನು ತಳ್ಳುವುದಿಲ್ಲ. ಇಲ್ಲಿ ವೈರ ಇಲ್ಲ. ನೀರಿಗೆ ನೀರಿನ ಮೇಲೇ ಪ್ರೀತಿ ಜಾಸ್ತಿ. ಎಣ್ಣೆಯ ಅಣು ನಡುವೆ ಬಂದರೆ ನೀರಿನ ಅಣುಗಳು ಅದರ ಸುತ್ತ ಕೈ ಕೈ ಹಿಡಿದು ಬಿಗಿಯಾಗಿ ನಿಲ್ಲಬೇಕಾಗುತ್ತದೆ. ಓಡಾಡುವ ಸ್ವಾತಂತ್ರ್ಯ ಕಡಿಮೆ. ಎಣ್ಣೆಯೆಲ್ಲ ಒಂದು ಕಡೆ ಗುಂಪುಗೂಡಿದರೆ ಹಾಗೆ ಬಿಗಿದುಕೊಂಡ ನೀರು ಕಡಿಮೆಯಾಗುತ್ತದೆ. ಹೀಗಾಗಿ ಎಣ್ಣೆ ಹನಿಗಳು ಒಟ್ಟು ಸೇರುತ್ತವೆ. ಸೇರಿಸುವುದು ಎಣ್ಣೆಯಲ್ಲ, ಸುತ್ತಲಿನ ನೀರು.

ಈ ಮಾತನ್ನು ಮಗಳು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಮುಂದೆ ಪ್ರೋಟೀನ್ ಪಾಠ ಬಂದಾಗ ಬೇಕಾಗುತ್ತದೆ.

ಜೀವಕೋಶದ ಪೊರೆಯೂ ಹೀಗೇ ಆಗುತ್ತದೆ. ಪೊರೆಯ ಕೊಬ್ಬಿನ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಯಲ್ಲಿ ರಂಜಕ, ಚಾರ್ಜು ಇದೆ, ನೀರಿಗೆ ಇಷ್ಟ. ಬಾಲ ಎಣ್ಣೆಯಂಥದ್ದು. ಇವನ್ನು ನೀರಿಗೆ ಹಾಕಿದರೆ ಬಾಲಗಳೆಲ್ಲ ಒಳಮುಖ, ತಲೆಗಳೆಲ್ಲ ಹೊರಮುಖ ಆಗಿ ಎರಡು ಪದರದ ಹಾಳೆ ತಾನಾಗಿ ಮೂಡುತ್ತದೆ. ಯಾರೂ ಹೊಲಿಯಬೇಕಿಲ್ಲ. ದಪ್ಪ ಸುಮಾರು ಐದು ನ್ಯಾನೋಮೀಟರ್. ಎರಡು ಲಕ್ಷ ಹಾಳೆ ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್. ಸೋಪು ಹಾಕಿ ಕೈ ತೊಳೆದಾಗ ಕೊರೋನಾ ವೈರಸ್ಸಿನ ಹೊರ ಹೊದಿಕೆ ಹರಿದುಹೋಗುತ್ತಿದ್ದದ್ದೂ ಇದಕ್ಕೇ. ಸೋಪಿನ ಅಣುವಿಗೂ ತಲೆ ಬಾಲ ಇವೆ. ಅದು ಆ ಹಾಳೆಯೊಳಗೆ ನುಗ್ಗಿ ಸಾಲು ಕೆಡಿಸುತ್ತದೆ.

ಟೊರಾಂಟೊ ಕನ್ನಡಿಗ

ನೀರಿನ ಕೈ ಹಿಡಿಯುವ ಗುಣಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಚಳಿಗಾಲದಲ್ಲಿ ಸಣ್ಣ ಕೆರೆಗಳು ಹೆಪ್ಪುಗಟ್ಟುತ್ತವೆ. ಮೇಲೆ ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ. ಕೆಳಗೆ ಮೀನು ಬದುಕಿರುತ್ತವೆ. ಬಂದ ಹೊಸದರಲ್ಲಿ ನನಗೆ ನಂಬಲಿಕ್ಕೇ ಆಗಲಿಲ್ಲ. ಬೇರೆ ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಮುಳುಗುತ್ತವೆ. ಮಂಜುಗಡ್ಡೆ ತೇಲುತ್ತದೆ. ನೀರು ಗಟ್ಟಿಯಾದಾಗ ಒಂದೊಂದು ಅಣುವೂ ನಾಲ್ಕು ಹೈಡ್ರೋಜನ್ ಬಂಧ ಹಿಡಿದು ದೂರ ದೂರ ನಿಲ್ಲುತ್ತದೆ. ಹೀಗಾಗಿ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. 4 ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಅದು ತಳದಲ್ಲಿ ಉಳಿಯುತ್ತದೆ. ಮೀನಿಗೆ ಅದೇ ಮನೆ.

ಅಂದ ಹಾಗೆ ಇಲ್ಲಿ ಮೊಸರು ಹೆಪ್ಪು ಹಾಕುವುದೇ ಒಂದು ಸಾಹಸ. ಓವನ್ನಿನ ದೀಪ ಹಚ್ಚಿ, ಅದರೊಳಗೆ ಪಾತ್ರೆ ಇಟ್ಟು ರಾತ್ರಿ ಬಿಡುತ್ತೇವೆ.

ಮೈಸೂರಿನ ಅಮ್ಮ

ಮಗಳು ಓದಿದಳು. ಹಲಸಿನ ಪ್ರಶ್ನೆಗೆ ಎರಡೇ ನಿಮಿಷಕ್ಕೆ ಉತ್ತರ ಹೇಳಿದಳು, ಮೇಷ್ಟ್ರೇ. ಮೊಸರಿನ ಮಾತು ಬಂದದ್ದಕ್ಕೆ ಅವಳದೊಂದು ಪ್ರಶ್ನೆ. ಮೊಟ್ಟೆಯನ್ನು ಕಾಯಿಸಿದರೆ ಗಟ್ಟಿಯಾಗುತ್ತದೆ. ಹಾಲನ್ನು ಎಷ್ಟು ಕಾಯಿಸಿದರೂ ಒಡೆಯುವುದಿಲ್ಲ. ಆದರೆ ನಿಂಬೆಹಣ್ಣು ಹಿಂಡಿದರೆ ತಕ್ಷಣ ಒಡೆಯುತ್ತದೆ. ಎರಡರಲ್ಲೂ ಇರುವುದು ಪ್ರೋಟೀನೇ ಅಲ್ವಾ? ಯಾಕೆ ಹೀಗೆ?

ಲ್ಯಾಬ್ ಹುಡುಗಿ

ತುಂಬಾ ಒಳ್ಳೆಯ ಪ್ರಶ್ನೆ ಪುಟ್ಟಿ!

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದ ಸರ. ಇಪ್ಪತ್ತು ಬಗೆಯ ಮಣಿಗಳು ಅಂದುಕೋ. ಕೆಲವು ಮಣಿ ನೀರಿಗೆ ಇಷ್ಟ, ಕೆಲವು ಎಣ್ಣೆಯಂಥವು. ಮೇಷ್ಟ್ರು ಹೇಳಿದ ಹಾಗೆ, ಎಣ್ಣೆಯಂಥ ಮಣಿಗಳನ್ನು ನೀರು ಗುಂಪು ಮಾಡುತ್ತದೆ. ಸರ ಮಡಚಿಕೊಂಡು, ಎಣ್ಣೆ ಮಣಿ ಒಳಗೆ, ನೀರಿನ ಮಣಿ ಹೊರಗೆ ಆಗಿ ಉಂಡೆಯಾಗುತ್ತದೆ. ಮೊಟ್ಟೆಯ ಬಿಳಿಭಾಗದಲ್ಲಿ ಇಂಥ ಉಂಡೆಗಳು ನೀರಿನಲ್ಲಿ ತೇಲುತ್ತಿರುತ್ತವೆ. ಕಾಯಿಸಿದಾಗ ಅಲುಗಾಟ ಜಾಸ್ತಿಯಾಗಿ ಸಡಿಲ ಬಂಧಗಳು ಬಿಟ್ಟುಹೋಗುತ್ತವೆ. ಉಂಡೆ ಬಿಚ್ಚಿಕೊಳ್ಳುತ್ತದೆ. ಒಳಗಿದ್ದ ಎಣ್ಣೆ ಮಣಿಗಳು ಹೊರಗೆ ಬಂದು, ಪಕ್ಕದ ಸರದ ಎಣ್ಣೆ ಮಣಿಗಳಿಗೆ ಅಂಟಿಕೊಳ್ಳುತ್ತವೆ. ಎಲ್ಲಾ ಸಿಕ್ಕುಸಿಕ್ಕಾಗಿ ಬಲೆಯಾಗುತ್ತದೆ. ಅದೇ ಬೆಂದ ಮೊಟ್ಟೆ. ಆ ಸಿಕ್ಕು ಆರಿದ ಮೇಲೂ ಬಿಡುವುದಿಲ್ಲ.

ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್. ಅದು ಮೊದಲಿಗೇ ಬಿಗಿಯಾಗಿ ಮಡಚಿದ ಉಂಡೆಯಲ್ಲ, ಸಡಿಲ ಸರ. ಕಾಯಿಸಿದರೆ ಬಿಚ್ಚಿಕೊಳ್ಳಲು ಏನೂ ಇಲ್ಲ! ಸಾವಿರಾರು ಕೇಸಿನ್ ಸರಗಳು ಸುಣ್ಣದ ಅಂಶದ ಜೊತೆ ಸೇರಿ ಸಣ್ಣ ಕಣಗಳಾಗಿ ತೇಲುತ್ತಿರುತ್ತವೆ. ಪ್ರತಿ ಕಣದ ಹೊರಮೈಯಲ್ಲಿ ಋಣ ಚಾರ್ಜು. ಋಣಕ್ಕೆ ಋಣ ಆಗುವುದಿಲ್ಲ, ದೂರ ದೂರ ಇರುತ್ತವೆ. ಹೀಗಾಗಿ ಹಾಲು ಹಾಲಾಗಿಯೇ ಇರುತ್ತದೆ.

ಹೆಪ್ಪು ಹಾಕಿದಾಗ ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆಮ್ಲ ಅಂದರೆ ಧನ ಚಾರ್ಜಿನ ಹೈಡ್ರೋಜನ್ ಕಣವನ್ನು (ಅಯಾನನ್ನು) ನೀರಿಗೆ ಬಿಟ್ಟುಕೊಡುವ ವಸ್ತು. ಆ ಧನ ಅಯಾನುಗಳು ಕಣದ ಋಣವನ್ನು ಅಳಿಸುತ್ತಾ ಹೋಗುತ್ತವೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಾಲಿನ ಪಿಎಚ್ ಸುಮಾರು 6.6. ಅದು 4.6ರ ಹತ್ತಿರ ಬಂದಾಗ ಕೇಸಿನ್ನಿನ ಋಣ ಧನ ಎರಡೂ ಸಮ. ತಳ್ಳುವ ಬಲವೇ ಇಲ್ಲ. ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ನಿಧಾನವಾಗಿ ಹುಳಿ ಮಾಡಿದರೆ ಬಲೆ ಸಮನಾಗಿ ಹೆಣೆದುಕೊಂಡು ಗಟ್ಟಿ ಮೊಸರು. ಬಿಸಿ ಹಾಲಿಗೆ ನಿಂಬೆರಸ ಒಮ್ಮೆಲೇ ಬಿದ್ದರೆ ಗಡಿಬಿಡಿಯಲ್ಲಿ ಅಂಟಿಕೊಂಡು ಉಂಡೆ ಉಂಡೆ ಪನೀರ್. ಎರಡೂ ಒಂದೇ ಕೆಮಿಸ್ಟ್ರಿ.

ಹುಬ್ಬಳ್ಳಿ ಹುಡುಗ

ಪಿಎಚ್ 6.6ರಿಂದ 4.6. ಬರೀ ಎರಡೇ ವ್ಯತ್ಯಾಸ ತಾನೇ? ಅಷ್ಟಕ್ಕೆ ಇಷ್ಟೆಲ್ಲಾ ಆಗುತ್ತದಾ?

ನಿವೃತ್ತ ಮೇಷ್ಟ್ರು

ಪಿಎಚ್ ಲೆಕ್ಕ ಕೂಡಿಸುವ ಲೆಕ್ಕ ಅಲ್ಲಪ್ಪ, ಗುಣಿಸುವ ಲೆಕ್ಕ. ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು. ಎರಡು ಇಳಿದರೆ ನೂರು ಪಟ್ಟು. 1909ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸೋರೆನ್ಸೆನ್ ಎಂಬ ವಿಜ್ಞಾನಿ ಈ ಅಳತೆ ತಂದರು. ಅವರು ಕೆಲಸ ಮಾಡುತ್ತಿದ್ದದ್ದು ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಕಿಣ್ವಗಳು, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಬೇಗ ಮಾಡಿಸುವ ವಸ್ತುಗಳು, ಎಷ್ಟು ಹುಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ನೋಡುವಾಗ ಇಂಥ ಅಳತೆ ಬೇಕಾಯಿತು. ಅಂದರೆ ಪಿಎಚ್ ಹುಟ್ಟಿದ್ದೇ ಜೀವಿಗಳ ಕೆಮಿಸ್ಟ್ರಿಗಾಗಿ.

ನಮ್ಮ ಹೊಟ್ಟೆಯ ರಸದ ಪಿಎಚ್ ಸುಮಾರು 2, ರಕ್ತದ್ದು 7.4. ಲೆಕ್ಕ ಹಾಕಿ ನೋಡು. ಹೊಟ್ಟೆಯಲ್ಲಿ ಹೈಡ್ರೋಜನ್ ಅಯಾನು ಎರಡೂವರೆ ಲಕ್ಷ ಪಟ್ಟು ಜಾಸ್ತಿ.

ಕೆಂಪಾರತಿ

ನಮ್ಮ ಮನೆಯಲ್ಲಿ ಮದುಮಕ್ಕಳಿಗೆ, ಬಾಣಂತಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತೇವೆ. ತಟ್ಟೆಯಲ್ಲಿ ಹಳದಿ ನೀರು ಕೆಂಪಾಗುತ್ತದೆ. ಇದೂ ಪಿಎಚ್ ತಾನೇ? ಮಗಳಿಗೆ ಮನೆಯಲ್ಲೇ ತೋರಿಸಬಹುದು. ಆ ಕೆಂಪು ನೀರಿಗೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಬಿಳಿ ಬಟ್ಟೆಯ ಮೇಲಿನ ಸಾರಿನ ಕಲೆ ಸೋಪು ತಾಗಿದಾಗ ಕೆಂಪಾಗುವುದೂ ಇದೇ ಅಲ್ವಾ?

ಲ್ಯಾಬ್ ಹುಡುಗಿ

ಹೌದು ಅಕ್ಕ, ಸುಣ್ಣವೂ ಸೋಪೂ ಕ್ಷಾರ, ಅಂದರೆ ಆಮ್ಲಕ್ಕೆ ವಿರುದ್ಧ ಗುಣದವು. ಅರಿಶಿನದ ಹಳದಿ ಬಣ್ಣದ ವಸ್ತು ಕರ್ಕ್ಯುಮಿನ್ ಕ್ಷಾರದಲ್ಲಿ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುತ್ತದೆ. ಆಗ ಅದರ ಎಲೆಕ್ಟ್ರಾನುಗಳು ಬೇರೆ ಬಣ್ಣದ ಬೆಳಕನ್ನು ಹೀರುತ್ತವೆ, ನಮಗೆ ಕೆಂಪು ಕಾಣುತ್ತದೆ. ಶಂಖಪುಷ್ಪದ ನೀಲಿ ನೀರಿಗೂ ನಿಂಬೆ ಹಿಂಡಿ ನೋಡಿ. ನೇರಳೆಯಾಗುತ್ತದೆ.

ಹುಬ್ಬಳ್ಳಿ ಹುಡುಗ

ಹಾಗಾದರೆ ಕ್ಷಾರದ ನೀರು ಕುಡಿದರೆ ರಕ್ತದ ಹುಳಿ ಕಡಿಮೆಯಾಗಿ ಆರೋಗ್ಯ ಸುಧಾರಿಸುತ್ತದೆ ಅಂತಾರಲ್ಲ, ಅದು ನಿಜವಾ? ನಮ್ಮ ಪಕ್ಕದ ಮನೆಯವರು ದೊಡ್ಡ ಹಣ ಕೊಟ್ಟು ಮಷಿನ್ ತಂದಿದ್ದಾರೆ.

ಡಾಕ್ಟರಮ್ಮ

ಆ ಮಾತಿಗೆ ಮರುಳಾಗಬೇಡಿ. ಕುಡಿದ ನೀರು ಮೊದಲು ಬೀಳುವುದೇ ಹೊಟ್ಟೆಯ ಆಮ್ಲಕ್ಕೆ. ಅಲ್ಲಿಗೆ ಅದರ ಕ್ಷಾರ ಮುಗಿಯಿತು. ಇನ್ನು ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರಬೇಕು. ಅದನ್ನು ದೇಹ ಬಹಳ ಎಚ್ಚರಿಕೆಯಿಂದ ಕಾಯುತ್ತದೆ. ರಕ್ತದಲ್ಲಿ ಬೈಕಾರ್ಬನೇಟ್ ಇದೆ. ಆಮ್ಲ ಜಾಸ್ತಿಯಾದರೆ ಅದು ಹೈಡ್ರೋಜನ್ ಅಯಾನನ್ನು ಹಿಡಿದು ಕಾರ್ಬಾನಿಕ್ ಆಮ್ಲ ಆಗುತ್ತದೆ. ಅದು ಒಡೆದು ನೀರು ಮತ್ತು ಇಂಗಾಲದ ಡೈ ಆಕ್ಸೈಡ್. ಆ ಗಾಳಿಯನ್ನು ನಾವು ಉಸಿರಿನಲ್ಲಿ ಬಿಟ್ಟುಬಿಡುತ್ತೇವೆ. ಜೋರಾಗಿ ಓಡಿದ ಮೇಲೆ ಏದುಸಿರು ಬರುತ್ತದಲ್ಲ, ಅದರಲ್ಲಿ ಈ ಕೆಲಸವೂ ಸೇರಿದೆ. ಉಳಿದ ಲೆಕ್ಕ ಕಿಡ್ನಿ ನೋಡಿಕೊಳ್ಳುತ್ತದೆ. ಶ್ವಾಸಕೋಶ, ಕಿಡ್ನಿ ಚೆನ್ನಾಗಿರುವವರಿಗೆ ಆ ಮಷಿನ್ ಬೇಕಿಲ್ಲ.

ಸಾಗರದ ಮಿಡಿ

ನಮ್ಮ ಕಡೆಯದೊಂದು ಸೇರಿಸುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವಾಗ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತೇವೆ. ಒಂದು ಹನಿ ನೀರೂ ಸೋಕಿಸುವುದಿಲ್ಲ. ಕೆಲವು ದಿನ ಕಳೆದು ನೋಡಿದರೆ ಭರಣಿ ತುಂಬಾ ಉಪ್ಪುನೀರು, ಮಿಡಿ ಚಿರುಟಿಕೊಂಡಿರುತ್ತವೆ. ಚಿಕ್ಕವಳಿದ್ದಾಗ ಆ ನೀರು ಎಲ್ಲಿಂದ ಬಂತು ಅಂತ ಅಮ್ಮನನ್ನು ಕೇಳುತ್ತಿದ್ದೆ. ಕಾಲೇಜಿನಲ್ಲಿ ಆಸ್ಮೋಸಿಸ್ ಪಾಠ ಬಂದಾಗ ಮೈ ಜುಂ ಅಂದಿತು. ಮಿಡಿಯ ಪ್ರತಿ ಜೀವಕೋಶದ ಪೊರೆ ನೀರನ್ನು ಸುಲಭವಾಗಿ ದಾಟಿಸುತ್ತದೆ, ಉಪ್ಪನ್ನು ದಾಟಿಸುವುದಿಲ್ಲ. ಹೊರಗೆ ಉಪ್ಪು ಜಾಸ್ತಿ ಇದ್ದಾಗ ನೀರು ಒಳಗಿಂದ ಹೊರಗೆ ಹರಿಯುತ್ತದೆ. ಅದೇ ಉಪ್ಪುನೀರಿಗೆ ಬಿದ್ದ ಕೊಳೆಸುವ ಬ್ಯಾಕ್ಟೀರಿಯಾದ ಗತಿಯೂ ಅದೇ. ಒಣಗಿ ಸುಮ್ನಾಗುತ್ತವೆ. ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯುವುದು ಇದರಿಂದ.

ಆದರೆ ಪೊರೆ ಉಪ್ಪನ್ನು ಬಿಡುವುದಿಲ್ಲ ಅಂದರೆ ಮಿಡಿಯ ಒಳಗೆ ಉಪ್ಪು ಹೇಗೆ ಹಿಡಿಯುತ್ತದೆ? ಇದು ನನಗೆ ಇನ್ನೂ ಬಿಡಿಸಿಲ್ಲ.

ಲ್ಯಾಬ್ ಹುಡುಗಿ

ಜೀವಕೋಶ ಬದುಕಿರುವವರೆಗೆ ಮಾತ್ರ ಪೊರೆಯ ಕಾವಲು ಅಕ್ಕ. ನೀರು ಕಳೆದುಕೊಂಡು ಸತ್ತ ಮೇಲೆ ಪೊರೆ ಹರಿಯುತ್ತದೆ. ಆಗ ಉಪ್ಪು, ಆಮೇಲೆ ಖಾರ, ಎಲ್ಲಾ ನಿಧಾನವಾಗಿ ಒಳಗೆ ಹೋಗುತ್ತವೆ. ಮಿಡಿ ಚಿರುಟುವುದು ಮೊದಲು, ರುಚಿ ಹಿಡಿಯುವುದು ಆಮೇಲೆ. ನೀವೇ ನೋಡಿರುತ್ತೀರಿ.

ಡಾಕ್ಟರಮ್ಮ

ಉಪ್ಪು ಮತ್ತು ನೀರಿನ ವಿಷಯದಲ್ಲಿ ನಾನು ಇದನ್ನು ಹೇಳಲೇಬೇಕು. ವಾಂತಿ ಭೇದಿಯಾದಾಗ ಓಆರ್‌ಎಸ್ ಕೊಡುತ್ತೇವೆ. ಅದರಲ್ಲಿ ಸಕ್ಕರೆ ಯಾಕೆ? ಶಕ್ತಿಗೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಅಲ್ಲ. ಉಪ್ಪಿನ ಸೋಡಿಯಂ ಚಾರ್ಜು ಇರುವ ಕಣ. ಪೊರೆಯ ಎಣ್ಣೆಯ ನಡುಭಾಗವನ್ನು ತಾನಾಗಿ ದಾಟಲಾರದು. ಕರುಳಿನ ಜೀವಕೋಶದ ಪೊರೆಯಲ್ಲಿ ಒಂದು ಪ್ರೋಟೀನ್ ಬಾಗಿಲು ಇದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಅವೆರಡೂ ಒಳಗೆ ಹೋದರೆ ನೀರು ಹಿಂಬಾಲಿಸುತ್ತದೆ. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ. ಜೀವ ಉಳಿಯುವುದು ಅದರಿಂದ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರಗಳಿಗೆ ಬಂದಾಗ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನಬಿಸ್ ಅವರ ತಂಡದ ಹತ್ತಿರ ಡ್ರಿಪ್ ಬಾಟಲಿ ಮುಗಿದುಹೋಯಿತು. ಉಪ್ಪು, ಗ್ಲೂಕೋಸ್ ಪುಡಿ ಬೆರೆಸಿ ನೀರಿನಲ್ಲಿ ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವು ಶೇ 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಪೊಟ್ಟಣ ಸಿಗದಿದ್ದರೆ ಮನೆಯಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ನೆತ್ತಿ ಸಮ ಮಾಡಿ ಅಳೆಯಿರಿ. ಜಾಸ್ತಿ ಹಾಕಿದರೆ ಅಪಾಯ, ಉಪ್ಪಿನಕಾಯಿಯ ಕಥೆಯೇ ಕರುಳಿನಲ್ಲಿ ಆಗುತ್ತದೆ.

ಮಂಡ್ಯ ರೈತ

ಓದುತ್ತಾ ಕೂತಿದ್ದೆ, ನಂದೂ ಒಂದು ಅನುಮಾನ. ಒಂದೇ ಭತ್ತದ ಗಿಡ. ಅಕ್ಕಿ ನಾವು ತಿನ್ನುತ್ತೇವೆ, ಹುಲ್ಲು ಹಸು ತಿನ್ನುತ್ತದೆ. ಎರಡೂ ಗ್ಲೂಕೋಸಿನಿಂದಲೇ ಆಗಿದೆ ಅಂತ ಕೃಷಿ ತರಬೇತಿಯಲ್ಲಿ ಹೇಳಿದರು. ಹಾಗಾದರೆ ನಮಗೆ ಹುಲ್ಲು ಯಾಕೆ ಅರಗುವುದಿಲ್ಲ?

ಇನ್ನೊಂದು. ಯೂರಿಯಾ ಅಂದರೆ ಕೆಮಿಕಲ್, ಗಂಜಲ ಅಂದರೆ ಸಹಜ ಅಂತಾರೆ. ಎರಡರಲ್ಲೂ ಯೂರಿಯಾನೇ ಇದೆ ಅಂತಲೂ ಅಂತಾರೆ. ಯಾವುದು ಸರಿ?

ನಿವೃತ್ತ ಮೇಷ್ಟ್ರು

ಅಣ್ಣಾ, ಎರಡೂ ಚಿನ್ನದಂಥ ಪ್ರಶ್ನೆ.

ಅಕ್ಕಿಯ ಪಿಷ್ಟದಲ್ಲಿ ಗ್ಲೂಕೋಸುಗಳು ಒಂದೇ ಮುಖ ಮಾಡಿ ಜೋಡಿಸಿಕೊಂಡಿವೆ. ಸರ ಸುರುಳಿಯಾಗುತ್ತದೆ. ಅನ್ನದ ಮೇಲೆ ಅಯೋಡಿನ್ ಹನಿ ಹಾಕಿದರೆ ಅದು ಆ ಸುರುಳಿಯೊಳಗೆ ಕೂತು ನೀಲಿ ಕಪ್ಪು ಬಣ್ಣ ಬರುತ್ತದೆ. ಹುಲ್ಲಿನ ನಾರಿನಲ್ಲಿ, ಅಂದರೆ ಸೆಲ್ಯುಲೋಸಿನಲ್ಲಿ, ಒಂದು ಬಿಟ್ಟು ಒಂದು ಗ್ಲೂಕೋಸ್ ತಲೆಕೆಳಗು. ಸರ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಸರಗಳು ಒಂದರ ಪಕ್ಕ ಒಂದು ಮಲಗಿ ಹೈಡ್ರೋಜನ್ ಬಂಧಗಳಿಂದ ಕಟ್ಟಿಕೊಳ್ಳುತ್ತವೆ. ಹುಲ್ಲಿನ ಕಂತೆ ಕಟ್ಟಿದ ಹಾಗೆ. ನೀರು ನುಗ್ಗಲು ಸಂದಿಯಿಲ್ಲ. ನಮ್ಮ ಜೊಲ್ಲಿನ ಕಿಣ್ವ ಪಿಷ್ಟದ ಜೋಡಣೆಗೆ ಮಾತ್ರ ಹೊಂದುತ್ತದೆ. ಸೆಲ್ಯುಲೋಸಿಗೆ ಅದು ಬೇರೆ ಬೀಗದ ಕೀಲಿ. ಹಸುವಿಗೂ ಆ ಕಿಣ್ವ ಇಲ್ಲ. ಅದರ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಇದೆ.

ಇನ್ನು ಯೂರಿಯಾ. ಜೀವಿಗಳ ವಸ್ತುವನ್ನು ಮಾಡಲು ದೇಹದ ಒಳಗಿನ ಯಾವುದೋ ಜೀವಶಕ್ತಿ ಬೇಕು ಅಂತ ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸೈನೇಟ್ ಎಂಬ ಲವಣದಿಂದ ಯೂರಿಯಾ ಮಾಡಿದರು. ಕಿಡ್ನಿ ಬೇಕಾಗಲಿಲ್ಲ. ಆ ಹಳೆಯ ನಂಬಿಕೆ ಒಂದೇ ದಿನ ಬಿದ್ದುಹೋಗಲಿಲ್ಲ, ಆದರೆ ಅಲುಗಾಡಿತು. ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ಗಂಜಲದಲ್ಲೂ ಇದೇ, ನಿಮ್ಮ 45 ಕಿಲೋ ಚೀಲದಲ್ಲೂ ಇದೇ. ಅಣುವಿಗೆ ತಾನು ಎಲ್ಲಿ ಹುಟ್ಟಿದೆ ಅಂತ ನೆನಪಿರುವುದಿಲ್ಲ. ಪ್ರಮಾಣ ಬೇರೆ, ಅದು ಮುಖ್ಯ. ಚೀಲದಲ್ಲಿ ಶೇ 46 ಸಾರಜನಕ, ಅಂದರೆ 20 ಕಿಲೋಗಿಂತ ಜಾಸ್ತಿ. ಗಂಜಲದಲ್ಲಿ ಬಹುಪಾಲು ನೀರು.

ಒದ್ದೆ ನೆಲದ ಮೇಲೆ ಯೂರಿಯಾ ಎರಚಿ ಹಾಗೇ ಬಿಟ್ಟರೆ ಅಮೋನಿಯಾದ ಘಾಟು ಬರುತ್ತದಲ್ಲ? ಕೊಟ್ಟಿಗೆಯ ವಾಸನೆಯೂ ಅದೇ. ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆಯುವುದರಿಂದ ಅದು ಬರುತ್ತದೆ. ಬರೀ ನೀರಿನಲ್ಲಿ ತಾನಾಗಿ ಒಡೆಯಲು ದಶಕಗಳೇ ಬೇಕು. ಕಿಣ್ವ ಇದ್ದರೆ ಕ್ಷಣದ ಕೆಲಸ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಅವರು ಜ್ಯಾಕ್ ಬೀನ್ ಎಂಬ ಕಾಳಿನಿಂದ ಇದೇ ಯೂರಿಯೇಸನ್ನು ಹರಳಾಗಿ ತೆಗೆದು, ಕಿಣ್ವ ಅಂದರೆ ಪ್ರೋಟೀನ್ ಅಂತ ತೋರಿಸಿದರು. ನಿಮ್ಮ ಗದ್ದೆಯಲ್ಲಿ ಆ ಘಾಟು ಬಂದರೆ ದುಡ್ಡು ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಮಣ್ಣಿನಲ್ಲಿ ಬೆರೆಸಿ.

ಮಂಡ್ಯ ರೈತ

ಘಾಟು ಬಂದರೆ ಗೊಬ್ಬರ ಜೋರಾಗಿದೆ ಅಂತ ಇಷ್ಟು ದಿನ ಖುಷಿಪಡುತ್ತಿದ್ದೆವು ಮೇಷ್ಟ್ರೇ. ಥ್ಯಾಂಕ್ಸ್.

ಡಾಕ್ಟರಮ್ಮ

ಮೇಷ್ಟ್ರು ಶುರುವಿಗೆ ರಕ್ತದ ಕಾಯಿಲೆ ಅಂದರು. ಅದು ಕುಡಗೋಲು ಕಣ ರೋಗ, ಸಿಕಲ್ ಸೆಲ್, ಅಂತ ಊಹಿಸುತ್ತೇನೆ. ನಮ್ಮ ರಾಜ್ಯದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಜನರಲ್ಲಿ ಇದು ಇದೆ. ಮಗುವಿನ ಕೈಕಾಲು ನೋವು, ರಕ್ತಹೀನತೆ ಅಂತ ತಾಯಂದಿರು ಬರುತ್ತಾರೆ. ಆ ನೋವನ್ನು ನೋಡಲಾಗುವುದಿಲ್ಲ.

ಹಿಮೋಗ್ಲೋಬಿನ್ ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್. ಅದರಲ್ಲಿ ನಾಲ್ಕು ಸರ, ಒಟ್ಟು 574 ಅಮೈನೋ ಆಮ್ಲ. ಅದರ ಬೀಟಾ ಎಂಬ ಎರಡು ಸರಗಳಲ್ಲಿ ಆರನೆಯ ಮಣಿ ಬದಲಾಗಿದೆ. ಅಷ್ಟೇ. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್. ಮೊದಲನೆಯದಕ್ಕೆ ಋಣ ಚಾರ್ಜು, ನೀರಿಗೆ ಇಷ್ಟ. ಎರಡನೆಯದು ಎಣ್ಣೆಯಂಥದ್ದು. ಉಂಡೆಯ ಹೊರಮೈಯಲ್ಲಿ ಒಂದು ಎಣ್ಣೆ ಚುಕ್ಕೆ ಮೂಡಿದ ಹಾಗೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಆ ಚುಕ್ಕೆ ಪಕ್ಕದ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಅದು ಇನ್ನೊಂದಕ್ಕೆ. ಹೀಗೆ ಉದ್ದನೆಯ ಹಗ್ಗವಾಗಿ ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನೋವು ಅದರಿಂದ. 1949ರಲ್ಲಿ ಲೈನಸ್ ಪಾಲಿಂಗ್ ತಂಡ ಇದು ಅಣುವಿನ ಕಾಯಿಲೆ ಅಂತ ಗುರುತಿಸಿತು. 1956ರಲ್ಲಿ ವೆರ್ನನ್ ಇಂಗ್ರಾಂ ಬದಲಾವಣೆ ಎಲ್ಲಿದೆ ಅಂತ ಹುಡುಕುವ ದಾರಿ ತೋರಿಸಿದರು. 2023ರಿಂದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ನಡೆಯುತ್ತಿದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಅಂಶ ಹೊತ್ತವರಾದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಕೈ ಮುಗಿದು ಕೇಳುತ್ತೇನೆ.

ಮೈಸೂರಿನ ಅಮ್ಮ

ಹತ್ತು ದಿನ ಆಯಿತು, ಬಂದು ಬರೆಯಲು ಆಗಲಿಲ್ಲ. ದಿನಾ ರಾತ್ರಿ ನಾವಿಬ್ಬರೂ ಇಲ್ಲಿನ ಒಂದೊಂದು ಉತ್ತರ ಓದಿ, ಆಮೇಲೆ ಪುಸ್ತಕ ತೆರೆಯುತ್ತೇವೆ. ಅರಿಶಿನ, ಸುಣ್ಣ, ನಿಂಬೆ ಮೂರನ್ನೂ ಇಟ್ಟುಕೊಂಡು ಅಡುಗೆಮನೆ ಕಟ್ಟೆಯೆಲ್ಲ ಕಲೆ ಮಾಡಿದ್ದಾಳೆ. ನಾನು ಬೈಯಲಿಲ್ಲ. ಮೊನ್ನೆ ಅವಳ ಅಜ್ಜಿಗೆ ಹಾಲು ಯಾಕೆ ಹೆಪ್ಪಾಗುತ್ತದೆ ಅಂತ ಹೇಳುತ್ತಿದ್ದಳು. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು. ತರಗತಿಯಲ್ಲಿ ಮೊದಲ ಸಲ ಕೈಯೆತ್ತಿ ಪ್ರಶ್ನೆ ಕೇಳಿದಳಂತೆ.

ಈಗ ಅವಳೇ ಬರೆಯುತ್ತಾಳೆ:

ಸರ್, ನಮಸ್ತೆ. ಸರ ಮಡಚಿಕೊಂಡು ಪ್ರೋಟೀನ್ ಆಗುತ್ತದೆ ಅಂತ ಲ್ಯಾಬ್ ಅಕ್ಕ ಹೇಳಿದರು. ಆದರೆ ನೂರಾರು ಮಣಿ ಇವೆ. ಎಲ್ಲಿ ಮಡಚಬೇಕು ಅಂತ ಸರಕ್ಕೆ ಯಾರು ಹೇಳುತ್ತಾರೆ? ಜೀವಕೋಶದಲ್ಲಿ ಅದಕ್ಕೆ ಅಚ್ಚು ಇರುತ್ತದಾ?

ನಿವೃತ್ತ ಮೇಷ್ಟ್ರು

ಮಗೂ, ಈ ಪ್ರಶ್ನೆಗೆ ಉತ್ತರ ಹುಡುಕಿದವರಿಗೆ 1972ರಲ್ಲಿ ನೊಬೆಲ್ ಬಂತು. ಕ್ರಿಶ್ಚಿಯನ್ ಆನ್ಫಿನ್ಸೆನ್ ಅಂತ ಅವರ ಹೆಸರು. ರೈಬೋನ್ಯೂಕ್ಲಿಯೇಸ್ ಎಂಬ ಸಣ್ಣ ಕಿಣ್ವ ತಗೊಂಡರು, 124 ಮಣಿಗಳ ಸರ. ಅದನ್ನು ಪೂರ್ತಿ ಬಿಚ್ಚಿದರು. ನಾಲ್ಕು ಗಂಧಕದ ಕೊಂಡಿಗಳನ್ನೂ ಬಿಡಿಸಿದರು. ಕಿಣ್ವ ಕೆಲಸ ನಿಲ್ಲಿಸಿತು. ಆಮೇಲೆ ಬಿಚ್ಚಲು ಹಾಕಿದ್ದ ವಸ್ತುಗಳನ್ನು ತೆಗೆದು, ಬರೀ ನೀರಿನ ದ್ರಾವಣದಲ್ಲಿ, ಗಾಳಿ ತಾಗುವ ಹಾಗೆ ಬಿಟ್ಟರು. ಜೀವಕೋಶ ಇಲ್ಲ, ಅಚ್ಚು ಇಲ್ಲ. ಸರ ತಾನಾಗಿ ಮೊದಲಿನ ಹಾಗೇ ಮಡಚಿಕೊಂಡಿತು. ಕಿಣ್ವ ಮತ್ತೆ ಕೆಲಸ ಶುರು ಮಾಡಿತು. ಮಣಿಗಳ ಸಾಲು ಮತ್ತು ಸುತ್ತಲಿನ ನೀರು, ಇಷ್ಟೇ ಅದಕ್ಕೆ ಸಾಕಾಗಿತ್ತು. ದೊಡ್ಡ ಪ್ರೋಟೀನುಗಳಿಗೆ ಜೀವಕೋಶದಲ್ಲಿ ಸಹಾಯಕ ಪ್ರೋಟೀನುಗಳು ಇರುತ್ತವೆ. ಅವು ಕೂಡ ಆಕಾರ ಹೇಳಿಕೊಡುವುದಿಲ್ಲ. ತಪ್ಪು ಕಡೆ ಅಂಟದ ಹಾಗೆ ನೋಡಿಕೊಳ್ಳುತ್ತವೆ.

ಸರ ಎಲ್ಲೆಲ್ಲಿ ಬಾಗಬಹುದು, ಎಲ್ಲಿ ಬಾಗಲಾರದು ಅಂತ 1963ರಲ್ಲಿ ಮದ್ರಾಸಿನಲ್ಲಿ ಲೆಕ್ಕ ಹಾಕಿ ನಕ್ಷೆ ಮಾಡಿದವರು ಜಿ.ಎನ್. ರಾಮಚಂದ್ರನ್. ಅವರು ಆಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪ್ರಪಂಚದಲ್ಲಿ ಯಾರೇ ಹೊಸ ಪ್ರೋಟೀನಿನ ಆಕಾರ ಕಂಡುಹಿಡಿದರೂ ಇವತ್ತಿಗೂ ರಾಮಚಂದ್ರನ್ ನಕ್ಷೆಗೆ ಹಾಕಿ ಸರಿಯಿದೆಯಾ ಅಂತ ನೋಡುತ್ತಾರೆ. ಸೆಕೆಂಡ್ ಪಿಯು ಮುಗಿದ ಮೇಲೆ ಬಾ, ಆ ನಕ್ಷೆ ಬಿಡಿಸಿ ತೋರಿಸುತ್ತೇನೆ.

ಮೈಸೂರಿನ ಅಮ್ಮ

ಮಗಳು ಕೇಳುತ್ತಿದ್ದಾಳೆ, ಆ ಕಿಣ್ವವನ್ನು ಏನು ಹಾಕಿ ಬಿಚ್ಚಿದರು ಅಂತ. ಕಾಯಿಸಿದರಾ?

ನಿವೃತ್ತ ಮೇಷ್ಟ್ರು

ಇಲ್ಲ ಮಗೂ, ಕಾಯಿಸಲಿಲ್ಲ. ಗಂಧಕದ ಕೊಂಡಿ ಬಿಡಿಸಲು ಬೇರೆ ವಸ್ತು ಹಾಕಿದರು. ಮಡಿಕೆ ಬಿಚ್ಚಲು ಹಾಕಿದ್ದು ಯೂರಿಯಾ, ಅದೂ ಬಹಳ ಗಟ್ಟಿ ದ್ರಾವಣ. ಯೂರಿಯಾ ಸುತ್ತ ಇದ್ದಾಗ ಎಣ್ಣೆ ಮಣಿಗಳು ಹೊರಗಿದ್ದರೂ ನೀರಿಗೆ ಅಷ್ಟು ಅಡ್ಡಿಯಾಗುವುದಿಲ್ಲ. ಜೊತೆಗೆ ಯೂರಿಯಾ ಸರದ ಬೆನ್ನಿನ ಜೊತೆ ತಾನೇ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತದೆ. ಮಡಿಕೆಗೆ ಕಾರಣವೇ ಉಳಿಯುವುದಿಲ್ಲ.

ಮಂಡ್ಯ ರೈತ

ನಮ್ಮ ಚೀಲದ ಯೂರಿಯಾನಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು

ಅದೇ ಅಣು ಅಣ್ಣಾ. ಅವರು ಬಳಸಿದ್ದು ಇನ್ನೂ ಶುದ್ಧ ಮಾಡಿದ್ದು, ಅಷ್ಟೇ.